ಏರಿನಲ್ಲಿ ಸೋಲುವ ಎಂಜಿನ್: ಹಳೆಯ ಡೀಸೆಲ್ ಕಾರಿನ ಬಿಟ್ಟು ಬಿಟ್ಟು ಬರುವ ದೋಷ

ಹಳೆಯ ಡೀಸೆಲ್ ಕಾರಿನ ದೋಷಗಳಲ್ಲಿ ಪತ್ತೆಹಚ್ಚುವುದಕ್ಕೆ ಅತ್ಯಂತ ಕಷ್ಟವಾದದ್ದು ಬಿಟ್ಟು ಬಿಟ್ಟು ಕಾಣಿಸಿಕೊಳ್ಳುವ ಶಕ್ತಿಕುಂದು. ಪೂರ್ತಿ ಕೆಟ್ಟು ನಿಂತ ಎಂಜಿನ್ನಿನಲ್ಲಿ ಕೆಟ್ಟ ಭಾಗವು ಕೆಟ್ಟ ಸ್ಥಿತಿಯಲ್ಲಿಯೇ ಇರುತ್ತದೆ. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ಅದು ಸಿಕ್ಕೇ ಸಿಗುತ್ತದೆ. ಆದರೆ ಘಟ್ಟದ ಏರಿನಲ್ಲಿ ಇದ್ದಕ್ಕಿದ್ದಂತೆ ಎಳೆತ ಕಳೆದುಕೊಂಡು, ಐದು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದಂತೆ ಓಡುವ ಕಾರು ಗ್ಯಾರೇಜಿನ ಬಾಗಿಲಿಗೆ ಬರುವ ಹೊತ್ತಿಗೆ ಆರೋಗ್ಯವಾಗಿಯೇ ಇರುತ್ತದೆ, ಹಾಗಾಗಿ ಮೆಕ್ಯಾನಿಕ್ ತನ್ನ ಅನುಭವವನ್ನು ನಂಬಿ ಒಂದು ಭಾಗವನ್ನು ಊಹಿಸಿ ಬದಲಿಸುತ್ತಾನೆ. ಮೊದಲು ಡೀಸೆಲ್ ಫಿಲ್ಟರ್, ಆಮೇಲೆ ಒಂದು ಸೆನ್ಸರ್, ಆಮೇಲೆ ಇಂಜೆಕ್ಟರುಗಳು, ಕೊನೆಗೆ ಟರ್ಬೊ ಎಂಬ ಕ್ರಮದಲ್ಲಿ ಬಿಲ್ಲು ಬೆಳೆಯುತ್ತದೆ. ದೋಷ ಮಾತ್ರ ಮುಂದಿನ ಏರಿನಲ್ಲಿ ಮತ್ತೆ ಬರುತ್ತದೆ. ದಿನ ಬಿಟ್ಟು ದಿನ ಬರುವ ಚಳಿಜ್ವರವನ್ನು ಹಿಂದಿನ ವೈದ್ಯರು ಅದರ ಸರದಿಯಿಂದಲೇ ಗುರುತಿಸುತ್ತಿದ್ದರು. ಕಾರಿನ ಈ ಕಾಯಿಲೆಗೂ ಅದೇ ಬಗೆಯ ವಿಚಾರಣೆ ಬೇಕು: ದೋಷವು ಯಾವಾಗ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ ಸಾಕ್ಷಿ, ಆ ಸಾಕ್ಷಿಯನ್ನು ಅಳತೆಯಿಂದ ದೃಢಪಡಿಸಿಕೊಂಡ ನಂತರವೇ ಸ್ಪ್ಯಾನರ್ ಹಿಡಿಯಬೇಕು.

ಕರ್ನಾಟಕದ ರಸ್ತೆಗಳಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಬಿಡದಿಯ ಕಾರ್ಖಾನೆಯಲ್ಲಿ 2005ರಿಂದ ತಯಾರಾದ 2.5 ಲೀಟರಿನ ಇನ್ನೋವಾ, ಫಿಯೆಟ್ ವಿನ್ಯಾಸದ 1,248 ಸಿ.ಸಿ. ಎಂಜಿನ್ನನ್ನು ಹೊತ್ತ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ ಮೊದಲಾದ ಡೀಸೆಲ್ ಕಾರುಗಳು ಸಾವಿರಾರು ಕುಟುಂಬಗಳಲ್ಲಿ ಇಂದಿಗೂ ಓಡುತ್ತಿವೆ. ಹದಿನೈದು ವರ್ಷಗಳ ನೋಂದಣಿ ಮುಗಿದ ಮೇಲೂ ತಪಾಸಣೆಯಲ್ಲಿ ತೇರ್ಗಡೆಯಾದ ಕಾರಿನ ನೋಂದಣಿಯನ್ನು ಇಲ್ಲಿ ನವೀಕರಿಸಬಹುದಾದ್ದರಿಂದ ಅವುಗಳ ಆಯುಷ್ಯ ಇನ್ನೂ ಉಳಿದಿದೆ. ಇವೆಲ್ಲವೂ ಕಾಮನ್ ರೈಲ್ ಪದ್ಧತಿಯವು: ಒಂದು ಪಂಪು ಡೀಸೆಲನ್ನು ಭಾರೀ ಒತ್ತಡದಲ್ಲಿ ರೈಲ್ ಎಂಬ ದಪ್ಪ ಉಕ್ಕಿನ ಕೊಳವೆಯಲ್ಲಿ ತುಂಬಿಡುತ್ತದೆ, ಆ ಕೊಳವೆಯಿಂದ ಪ್ರತಿ ಸಿಲಿಂಡರಿನ ಇಂಜೆಕ್ಟರ್ ಕಂಪ್ಯೂಟರಿನ ಆಜ್ಞೆಯಂತೆ ಎಣ್ಣೆಯನ್ನು ಸಿಂಪಡಿಸುತ್ತದೆ. ಪ್ರಯಾಣಿಕ ಕಾರಿನಲ್ಲಿ ಈ ಪದ್ಧತಿ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಅದಕ್ಕೆ ಮೊದಲಿನ ತಲೆಮಾರು ಯಾಂತ್ರಿಕ ಪಂಪುಗಳದ್ದು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಾರ್ಖಾನೆಯ ಪಂಪುಗಳ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳು ಈ ನಾಡಿನ ಊರೂರಿನಲ್ಲಿ ಇದ್ದಾರೆ. ಅವರ ಕಿವಿಗೂ ಮೂಗಿಗೂ ಇರುವ ತರಬೇತಿ ಅಮೂಲ್ಯವಾದದ್ದು, ಆದರೆ ಕಾಮನ್ ರೈಲ್ ಎಂಜಿನ್ನಿನಲ್ಲಿ ಕಿವಿಗೆ ಕೇಳದ, ಮೂಗಿಗೆ ಬಡಿಯದ ಇನ್ನೊಂದು ಶಕ್ತಿ ಸೇರಿಕೊಂಡಿದೆ. ಅದು ಎಂಜಿನ್ನನ್ನು ಬೇಕೆಂದೇ ತಡೆಹಿಡಿಯುವ ಕಂಪ್ಯೂಟರ್.

ಎಳೆತ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಅದು ಹೇಗೆ ಕುಂದುತ್ತದೆ ಎಂಬುದು ಅರ್ಧ ತಿಳಿದಂತೆಯೇ. ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿಯ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಅದರ ಮೂಲ ಗಾತ್ರದ ಹದಿನಾರನೆಯ ಅಥವಾ ಹದಿನೆಂಟನೆಯ ಒಂದು ಭಾಗಕ್ಕೆ ಅದುಮಿದಾಗ ಹುಟ್ಟುವ ಬಿಸಿಯಲ್ಲಿ, ಸಿಂಪಡಿಸಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಇಷ್ಟು ಗಾಳಿಯನ್ನು ಸಣ್ಣ ಎಂಜಿನ್ ಸ್ವಂತ ಉಸಿರಿನಿಂದ ಎಳೆದುಕೊಳ್ಳಲಾರದು, ಆದ್ದರಿಂದ ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುವ ಟರ್ಬೊ ಎಂಬ ಗಾಳಿಪಂಪು ಗಾಳಿಯನ್ನು ಒತ್ತಿ ತುಂಬುತ್ತದೆ. ಹೀಗೆ ಎಳೆತಕ್ಕೆ ಗಾಳಿ ಬೇಕು, ಎಣ್ಣೆ ಬೇಕು, ಇವೆರಡನ್ನೂ ಹದದಲ್ಲಿ ಸೇರಿಸಲು ಕಂಪ್ಯೂಟರಿನ ಒಪ್ಪಿಗೆ ಬೇಕು. ಏರಿನಲ್ಲಿ ಕಾರು ಸೋತಿತೆಂದರೆ ಈ ಮೂರರಲ್ಲಿ ಒಂದು ಆ ಕ್ಷಣದಲ್ಲಿ ಸಿಕ್ಕಿಲ್ಲವೆಂದೇ ಅರ್ಥ.

ಯಾವುದು ಸಿಕ್ಕಿಲ್ಲ ಎಂಬುದಕ್ಕೆ ಮೊದಲ ಸುಳಿವು ಹೊಗೆಯಲ್ಲಿದೆ, ಅದನ್ನು ನೋಡಲು ಯಾವ ಉಪಕರಣವೂ ಬೇಡ, ಹಿಂದಿನಿಂದ ಬರುವ ಇನ್ನೊಂದು ಗಾಡಿಯವರ ಕಣ್ಣು ಸಾಕು. ಎಳೆತ ಕುಂದಿದ ಹೊತ್ತಿನಲ್ಲಿ ದಟ್ಟವಾದ ಕಪ್ಪು ಹೊಗೆ ಬಂದರೆ ಎಣ್ಣೆ ಬರುತ್ತಿದೆ, ಅದಕ್ಕೆ ತಕ್ಕ ಗಾಳಿ ಇಲ್ಲ. ಹೊಗೆಯೇ ಇಲ್ಲದೆ ಕಾರು ಸುಮ್ಮನೆ ಸೋತರೆ ಎಣ್ಣೆಯೇ ಬರುತ್ತಿಲ್ಲ, ಇಲ್ಲವೇ ಕಂಪ್ಯೂಟರ್ ಎಣ್ಣೆಯನ್ನು ಕಡಿತಗೊಳಿಸಿದೆ. ನೀಲಿ ಛಾಯೆ ಎಂಜಿನ್ ಆಯಿಲ್ ಸುಡುತ್ತಿರುವುದರ ಗುರುತು.

ಎರಡನೆಯ ಸುಳಿವು, ಹೊಗೆಗಿಂತಲೂ ಬೆಲೆಯುಳ್ಳದ್ದು, ಹೋದ ಎಳೆತ ಮರಳಿ ಬರುವ ರೀತಿ. ಕೀ ತಿರುಗಿಸಿ ಎಂಜಿನ್ ಆರಿಸಿ ಹತ್ತು ಸೆಕೆಂಡಿನಲ್ಲಿ ಮತ್ತೆ ಸ್ಟಾರ್ಟ್ ಮಾಡಿದೊಡನೆ ಪೂರ್ತಿ ಶಕ್ತಿ ಬಂದರೆ, ಆ ಹತ್ತು ಸೆಕೆಂಡಿನಲ್ಲಿ ಯಾವ ಕಸವೂ ತೊಳೆದುಹೋಗಿರುವುದಿಲ್ಲ, ಯಾವ ಲೋಹವೂ ತಣ್ಣಗಾಗಿರುವುದಿಲ್ಲ. ಬದಲಾದದ್ದು ಕಂಪ್ಯೂಟರಿನ ತೀರ್ಮಾನ ಮಾತ್ರ. ಹತ್ತು ಹದಿನೈದು ನಿಮಿಷ ಕಾದರೆ ಮಾತ್ರ ಸರಿಹೋಗುವುದಾದರೆ ಬಿಸಿಯಿಂದ ಕೈಕೊಡುವ ವಿದ್ಯುತ್ ಭಾಗದ ಮೇಲೆ, ಅಥವಾ ಟ್ಯಾಂಕಿನೊಳಗೆ ಕೊಳವೆಯ ಬಾಯಿಗೆ ಅಂಟಿಕೊಂಡು ಹೀರುವಿಕೆ ನಿಂತಾಗ ಕಳಚಿ ಬೀಳುವ ಕಸದ ಮೇಲೆ ಸಂಶಯ ಪಡಬೇಕು. ಆಕ್ಸಿಲರೇಟರನ್ನು ಸ್ವಲ್ಪ ಸಡಿಲಿಸಿದರೆ ಸುಧಾರಿಸಿ ಮತ್ತೆ ಒತ್ತಿದರೆ ಸೋಲುವ ಕಾರಿನಲ್ಲಿ ಎಣ್ಣೆಯ ಹರಿವು ಬೇಡಿಕೆಯಷ್ಟು ಇಲ್ಲವೆಂದು ಬಹಳ ಮಟ್ಟಿಗೆ ಹೇಳಬಹುದು. ಕಾರಿನ ಒಡೆಯರು ಒಂದು ಸಣ್ಣ ಚೀಟಿಯಲ್ಲಿ, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಎಷ್ಟು ಹೊತ್ತು ಓಡಿತ್ತು, ಯಾವ ಗೇರಿನಲ್ಲಿತ್ತು, ಮಳೆ ಬಂದಿತ್ತೇ, ಹೇಗೆ ಸರಿಹೋಯಿತು ಎಂದು ಬರೆದಿಟ್ಟುಕೊಂಡರೆ, ಮೂರು ನಾಲ್ಕು ಸಲದ ಬರಹವೇ ಮೆಕ್ಯಾನಿಕ್‌ನ ಅರ್ಧ ದಿನದ ಕೆಲಸವನ್ನು ಉಳಿಸುತ್ತದೆ.

ಕೀ ತಿರುಗಿಸಿದರೆ ಸರಿಹೋಗುವ ಬಗೆಯನ್ನು ಗ್ಯಾರೇಜಿನವರು ಲಿಂಪ್ ಮೋಡ್ ಎನ್ನುತ್ತಾರೆ. ಕುಂಟುತ್ತಾದರೂ ಮನೆ ಸೇರಲಿ ಎಂದು ಕಂಪ್ಯೂಟರ್ ಎಂಜಿನ್ನಿಗೆ ವಿಧಿಸುವ ಮಿತಿ ಅದು. ಇದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣ ಟರ್ಬೊದ ಒತ್ತಡವು ಕಂಪ್ಯೂಟರ್ ಕೇಳಿದ್ದಕ್ಕಿಂತ ಬಹಳ ಹೆಚ್ಚಾಗುವುದು ಅಥವಾ ಬಹಳ ಕಡಿಮೆಯಾಗುವುದು. ಅನೇಕ ಡೀಸೆಲ್ ಕಾರುಗಳ ಟರ್ಬೊದಲ್ಲಿ, ಉದಾಹರಣೆಗೆ ಮೇಲೆ ಹೇಳಿದ ಫಿಯೆಟ್ ವಿನ್ಯಾಸದ ಎಂಜಿನ್ನಿನ 90 ಅಶ್ವಶಕ್ತಿಯ ರೂಪದಲ್ಲಿ, ಹೊಗೆ ಹಾಯುವ ದಾರಿಯಲ್ಲಿ ಬಾಗುವ ಪುಟ್ಟ ರೆಕ್ಕೆಗಳ ಒಂದು ವರ್ತುಲವಿರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯ ದಾರಿಯನ್ನು ಕಿರಿದಾಗಿಸಿ ಅದರ ರಭಸ ಹೆಚ್ಚಿಸುತ್ತವೆ, ವೇಗ ಏರಿದಂತೆ ತೆರೆದುಕೊಂಡು ದಾರಿ ಬಿಡುತ್ತವೆ. ವರ್ಷಗಟ್ಟಲೆ ಪೇಟೆಯ ಸಿಗ್ನಲ್ಲುಗಳ ನಡುವೆಯೇ ಮೆಲ್ಲಗೆ ಓಡಿದ ಕಾರಿನಲ್ಲಿ ಈ ರೆಕ್ಕೆಗಳು ಒಂದು ಸಣ್ಣ ವ್ಯಾಪ್ತಿಯೊಳಗೇ ಅಲುಗಾಡುತ್ತ, ಅದರಾಚೆ ಮಸಿ ಗಟ್ಟಿಯಾಗಿ ಕೂರುತ್ತದೆ. ಅಂಥ ಕಾರು ಒಂದು ದಿನ ತುಂಬು ಕುಟುಂಬವನ್ನು ಹೊತ್ತು ಶಿರಾಡಿ ಘಾಟಿಯನ್ನು ಏರುವಾಗ ರೆಕ್ಕೆಗಳು ಪೂರ್ತಿ ತೆರೆಯಬೇಕಾಗಿ ಬಂದು, ತೆರೆಯಲಾರದೆ, ಒತ್ತಡ ಮಿತಿಮೀರಿ, ಎಂಜಿನ್ನನ್ನು ಉಳಿಸಲು ಕಂಪ್ಯೂಟರ್ ಎಣ್ಣೆಯನ್ನು ಕಡಿಯುತ್ತದೆ. ಪೇಟೆಯಲ್ಲಿ ತಿಂಗಳುಗಟ್ಟಲೆ ಕಾಣದ ದೋಷ ಘಟ್ಟದಲ್ಲಿ ತಪ್ಪದೆ ಬರುವುದರ ಹಿಂದೆ ಇರುವ ಗುಟ್ಟು ಇದೇ.

ಆದರೆ ಇಷ್ಟನ್ನು ಕೇಳಿದ ಮಾತ್ರಕ್ಕೆ ಟರ್ಬೊವನ್ನು ಬದಲಿಸಲು ಹೊರಡುವುದು ದುಡುಕು. ಆ ರೆಕ್ಕೆಗಳನ್ನು ಆಡಿಸುವುದು ಅನೇಕ ಕಾರುಗಳಲ್ಲಿ ನಿರ್ವಾತ, ಅಂದರೆ ಗ್ಯಾರೇಜಿನ ಮಾತಿನಲ್ಲಿ ವ್ಯಾಕ್ಯೂಮ್. ಎಂಜಿನ್ನಿನ ಮೇಲಿನ ಪಂಪಿನಿಂದ ಹೊರಟ ಪೆನ್ಸಿಲ್ ದಪ್ಪದ ರಬ್ಬರ್ ಪೈಪು ಒಂದು ವಿದ್ಯುತ್ ವಾಲ್ವಿನ ಮೂಲಕ ಹಾದು ಟರ್ಬೊದ ಪಕ್ಕದ ತಟ್ಟೆಯಾಕಾರದ ಡಬ್ಬಿಯನ್ನು ಸೇರುತ್ತದೆ, ಆ ಡಬ್ಬಿಯ ಕಡ್ಡಿಯೇ ರೆಕ್ಕೆಗಳನ್ನು ಎಳೆಯುತ್ತದೆ. ಹತ್ತು ಹನ್ನೆರಡು ವರ್ಷ ಎಂಜಿನ್ನಿನ ಬಿಸಿ ಉಂಡ ಪೈಪು ಗಡುಸಾಗಿ ತುದಿಯಲ್ಲಿ ಸೀಳುತ್ತದೆ, ಅಥವಾ ಒಂದು ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಸೂಜಿಯ ಮೊನೆಯಷ್ಟು ತೂತಾಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ವ್ಯಾಕ್ಯೂಮ್ ಪಂಪನ್ನು ಡಬ್ಬಿಗೆ ಜೋಡಿಸಿ ಎಳೆದರೆ ಕಡ್ಡಿ ಎಲ್ಲಿಯೂ ತಡೆಯದೆ ಒಂದೇ ಸಮನೆ ಚಲಿಸಬೇಕು, ಬಿಟ್ಟಾಗ ಹಾಗೆಯೇ ಮರಳಬೇಕು, ಎಳೆದು ಹಿಡಿದಿರುವಷ್ಟು ಹೊತ್ತು ಮಾಪಕದ ಮುಳ್ಳು ಇಳಿಯಬಾರದು. ಮುಳ್ಳು ಇಳಿದರೆ ಡಬ್ಬಿಯ ಪೊರೆ ಹರಿದಿದೆ. ಕಡ್ಡಿ ನಡುವೆ ತೊಡರಿದರೆ ರೆಕ್ಕೆಗಳಿಗೆ ಮಸಿ ಹಿಡಿದಿದೆ. ಎರಡೂ ಸರಿಯಿದ್ದರೆ ತಪ್ಪು ಪೈಪಿನಲ್ಲೋ ವಾಲ್ವಿನಲ್ಲೋ ಇದೆ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಸಾವಿರಗಟ್ಟಲೆ ರೂಪಾಯಿಯ ಟರ್ಬೊವನ್ನು ತೆಗೆದುಹಾಕುವುದು ಅನ್ಯಾಯವೇ ಸರಿ.

ಗಾಳಿಯ ಕಡೆಯ ಇನ್ನೊಂದು ಕಳ್ಳನೆಂದರೆ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಹೋಸ್. ನಿಂತ ಕಾರಿನಲ್ಲಿ ಅದು ಅಖಂಡವಾಗಿ ಕಾಣುತ್ತದೆ, ಏಕೆಂದರೆ ಅದರ ಬಿರುಕು ಬಹಳ ಸಲ ಕೆಳಮೈಯಲ್ಲಿರುತ್ತದೆ ಮತ್ತು ಒಳಗೆ ಒತ್ತಡ ತುಂಬಿದಾಗ ಮಾತ್ರ ಬಾಯಿ ತೆರೆಯುತ್ತದೆ. ಹೋಸಿನ ಅಡಿಗೆ ಬೆರಳು ಹಾಯಿಸಿದಾಗ ಒಂದೆಡೆ ಮಾತ್ರ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತು ಅಂಟಂಟಾಗಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ. ಭಾರದಲ್ಲಿ ಕೇಳುವ ಬುಸ್ಸೆಂಬ ಸದ್ದು, ಅದರ ಜೊತೆಗೆ ಕಪ್ಪು ಹೊಗೆ ಇದ್ದರಂತೂ ಸಂಶಯಕ್ಕೆ ಎಡೆಯಿಲ್ಲ. ಸುಟ್ಟ ಹೊಗೆಯ ಒಂದು ಪಾಲನ್ನು ಮಾಲಿನ್ಯ ತಗ್ಗಿಸಲು ಮತ್ತೆ ಎಂಜಿನ್ನಿಗೆ ಕಳಿಸುವ ಇ.ಜಿ.ಆರ್. ವಾಲ್ವೂ ಮಸಿ ಮತ್ತು ಆಯಿಲ್ ಆವಿ ಸೇರಿದ ಡಾಂಬರಿನಂಥ ಪದರದಿಂದ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡು, ಶುದ್ಧ ಗಾಳಿಯ ಜಾಗವನ್ನು ಹೊಗೆ ಆಕ್ರಮಿಸುವಂತೆ ಮಾಡುತ್ತದೆ.

ಎಣ್ಣೆಯ ಕಡೆಗೆ ಬಂದರೆ ಶೋಧನೆ ಯಾವಾಗಲೂ ಟ್ಯಾಂಕಿನಿಂದ ಮುಂದಕ್ಕೆ ಸಾಗಬೇಕು, ಇಂಜೆಕ್ಟರಿನಿಂದ ಹಿಂದಕ್ಕಲ್ಲ. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿಯನ್ನು ಜೋರಾಗಿ ಒಳಗೆಳೆದುಕೊಂಡ ಸದ್ದಾದರೆ ಉಸಿರುಗೊಳವೆ ಕಟ್ಟಿದೆ, ಎಣ್ಣೆ ಖಾಲಿಯಾದಷ್ಟು ಗಾಳಿ ಒಳಗೆ ಬರದೆ ಪಂಪು ನಿರ್ವಾತದ ವಿರುದ್ಧ ಹೆಣಗುತ್ತಿದೆ. ಡೀಸೆಲಿನೊಳಗೆ ಸೇರಿದ ನೀರು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ನೀರೂ ಎಣ್ಣೆಯೂ ಕೂಡುವ ಗಡಿಯಲ್ಲಿ ಎಣ್ಣೆಯನ್ನೇ ಆಹಾರವಾಗಿಸಿಕೊಳ್ಳುವ ಒಂದು ಬಗೆಯ ಶಿಲೀಂಧ್ರ ಬೆಳೆದು ಕಪ್ಪು ಲೋಳೆಯಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಅರ್ಧ ಟ್ಯಾಂಕಿನೊಡನೆ ನಿಲ್ಲುವ ಕಾರುಗಳಲ್ಲಿ ಇದನ್ನು ಮರೆಯಬಾರದು. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಬರುವುದನ್ನು ಗಾಜಿನ ಶೀಶೆಯಲ್ಲಿ ಹಿಡಿದು ಹತ್ತು ನಿಮಿಷ ಇಟ್ಟರೆ ನೀರು ತಳಕ್ಕಿಳಿದು ಗೆರೆ ಎಳೆದಂತೆ ಕಾಣುತ್ತದೆ, ಲೋಳೆಯಿದ್ದರೆ ನಡುವೆ ತೇಲುತ್ತದೆ.

ಪಂಪು ತಾನೇ ಟ್ಯಾಂಕಿನಿಂದ ಎಣ್ಣೆ ಹೀರುವ ಕಾರುಗಳಲ್ಲಿ ಒಂದು ವಿಚಿತ್ರ ದೋಷ ಉಂಟಾಗುತ್ತದೆ. ಹೀರುವ ಕೊಳವೆಯೊಳಗಿನ ಒತ್ತಡವು ಹೊರಗಿನ ವಾತಾವರಣಕ್ಕಿಂತ ಕಡಿಮೆಯಿರುವುದರಿಂದ, ಅದರ ಒಂದು ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ; ನೆಲ ಒಣಗಿಯೇ ಇರುತ್ತದೆ, ಕಾರು ಮಾತ್ರ ಬೆಳಗ್ಗೆ ತಡವಾಗಿ ಸ್ಟಾರ್ಟ್ ಆಗುತ್ತದೆ, ಏರಿನಲ್ಲಿ ತಡವರಿಸುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಲೈನು ಏರ್ ಎಳೆಯುತ್ತಿದೆ ಎನ್ನುತ್ತಾರೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದಡಿ ಉದ್ದದ ಪಾರದರ್ಶಕ ಪೈಪನ್ನು ಭದ್ರವಾಗಿ ಜೋಡಿಸಿ ಎಂಜಿನ್ನನ್ನು ಏರುಗತಿಯಲ್ಲಿ ಓಡಿಸಿದರೆ ಹೊನ್ನಿನ ಬಣ್ಣದ ಡೀಸೆಲಿನಲ್ಲಿ ಗುಳ್ಳೆಗಳ ಸಾಲು ಸ್ಪಷ್ಟವಾಗಿ ಹರಿಯುವುದು ಕಾಣುತ್ತದೆ. ಹೊಸ ಫಿಲ್ಟರ್ ಹಾಕಿದ ನಂತರವೇ ದೋಷ ಶುರುವಾಗಿದ್ದರೆ, ಫಿಲ್ಟರಿನ ರಬ್ಬರ್ ಉಂಗುರ ಸರಿಯಾಗಿ ಕೂತಿಲ್ಲವೆಂದೇ ಮೊದಲು ಶಂಕಿಸಬೇಕು. ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇರುವ ಕಾರುಗಳಲ್ಲಿ ಗುಳ್ಳೆಯ ಮಾತು ಬಾರದು. ಅಲ್ಲಿ ನೋಡಬೇಕಾದದ್ದು ಪಂಪಿನ ರಿಲೇ ಮತ್ತು ಭಾರದಲ್ಲಿ ಅದಕ್ಕೆ ತಲಪುವ ವೋಲ್ಟೇಜು.

ಪಂಪಿನಿಂದ ಮುಂದಿನದು ಬೇರೆಯೇ ಲೋಕ. ನಿಂತಲ್ಲಿ ಸುಮ್ಮನೆ ಓಡುವಾಗ ರೈಲಿನೊಳಗಿನ ಒತ್ತಡ ಸುಮಾರು 250ರಿಂದ 300 ಬಾರ್, ಪೂರ್ತಿ ಭಾರದಲ್ಲಿ ಈ ತಲೆಮಾರಿನ ಕಾರುಗಳಲ್ಲಿ ಸುಮಾರು 1,400ರಿಂದ 1,600 ಬಾರ್. ಒಂದು ಬಾರ್ ಎಂದರೆ ನಮ್ಮನ್ನು ಸುತ್ತಿರುವ ಗಾಳಿಯ ಒತ್ತಡದಷ್ಟು. ಹಳೆಯ ಯಾಂತ್ರಿಕ ಪಂಪಿನ ಕಾಲದಲ್ಲಿ ಯಾವ ಸಿಲಿಂಡರ್ ಸೋತಿದೆಯೆಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ನೋಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುವ ರೂಢಿಯಿತ್ತು. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಎಂದೆಂದಿಗೂ ಮಾಡಬಾರದು. ಅಷ್ಟು ಒತ್ತಡದಲ್ಲಿ ಚಿಮ್ಮುವ ಎಣ್ಣೆಯ ಎಳೆ ಕೈಗವಸನ್ನೂ ಚರ್ಮವನ್ನೂ ತೂರಿ ಮಾಂಸದೊಳಗೆ ಹರಡುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಡನೆ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಅಪಾಯವಿದೆ. ಹಳೆಯ ವಿದ್ಯೆ ಹೊಸ ಯಂತ್ರದ ಮೇಲೆ ಪ್ರಯೋಗವಾಗಿ ಅಪಾಯ ತರುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಸೋತ ಇಂಜೆಕ್ಟರನ್ನು ಗುರುತಿಸಲು ಸುರಕ್ಷಿತವಾದ ದಾರಿ ಬೇರೆ ಇದೆ. ಪ್ರತಿ ಇಂಜೆಕ್ಟರೂ ತನಗೆ ಬಂದ ಎಣ್ಣೆಯಲ್ಲಿ ಸ್ವಲ್ಪವನ್ನು ಒತ್ತಡವಿಲ್ಲದ ಸಣ್ಣ ಪೈಪಿನ ಮೂಲಕ ಟ್ಯಾಂಕಿಗೆ ಹಿಂದಿರುಗಿಸುತ್ತದೆ, ಒಳಭಾಗ ಸವೆದಂತೆ ಹಿಂದಿರುಗುವ ಪಾಲು ಹೆಚ್ಚುತ್ತದೆ. ನಾಲ್ಕು ಇಂಜೆಕ್ಟರುಗಳ ರಿಟರ್ನ್ ಬಾಯಿಗೆ ನಾಲ್ಕು ಸಣ್ಣ ಅಳತೆ ಶೀಶೆಗಳನ್ನು ಜೋಡಿಸಿ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿದರೆ, ಮೂರರಲ್ಲಿ ತಳ ಮುಚ್ಚುವಷ್ಟು ಎಣ್ಣೆ ನಿಂತಿರುವಾಗ ನಾಲ್ಕನೆಯದು ಅರ್ಧ ತುಂಬಿದ್ದರೆ, ರೈಲಿನ ಒತ್ತಡ ಎಲ್ಲಿ ಸೋರಿಹೋಗುತ್ತಿದೆ ಎಂಬುದು ಕಣ್ಣೆದುರಿಗೇ ಇರುತ್ತದೆ. ನಾಲ್ಕನ್ನೂ ಬದಲಿಸಬೇಕೆಂದು ಹೇಳಿದವರಿಗೆ ಈ ಶೀಶೆಗಳನ್ನು ತೋರಿಸೆಂದು ಕೇಳುವ ಹಕ್ಕು ಕಾರಿನ ಒಡೆಯನಿಗಿದೆ.

ಇನ್ನು ಕಂಪ್ಯೂಟರ್ ಮತ್ತು ಅದಕ್ಕೆ ಸುದ್ದಿ ಕೊಡುವ ಸೆನ್ಸರುಗಳು. ಸ್ಟಿಯರಿಂಗಿನ ಕೆಳಗಿನ ಹದಿನಾರು ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ದೋಷಸಂಖ್ಯೆಗಳು ಕಾಣುತ್ತವೆ, ಅವುಗಳನ್ನು ತೀರ್ಪೆಂದು ಓದುವುದೇ ಅತ್ಯಂತ ದುಬಾರಿಯಾದ ತಪ್ಪು. ಪಿ 0087 ಎಂಬ ಸಂಖ್ಯೆ ಹೇಳುವುದು ರೈಲಿನ ಒತ್ತಡ ಕಡಿಮೆಯಾಯಿತೆಂದಷ್ಟೇ. ಅದಕ್ಕೆ ಕಾರಣ ಕೆಲವು ನೂರು ರೂಪಾಯಿಯ ಫಿಲ್ಟರೂ ಆಗಿರಬಹುದು, ಹತ್ತಾರು ಸಾವಿರದ ಪಂಪೂ ಆಗಿರಬಹುದು. ಪಿ 0299 ಟರ್ಬೊ ಒತ್ತಡ ಸಾಲದೆಂದೂ ಪಿ 0234 ಅದು ಮಿತಿಮೀರಿತೆಂದೂ ಹೇಳುತ್ತವೆಯೇ ಹೊರತು ಟರ್ಬೊ ಕೆಟ್ಟಿದೆಯೆಂದು ಹೇಳುವುದಿಲ್ಲ. ಸಂಖ್ಯೆಗಿಂತ ಬೆಲೆಯುಳ್ಳದ್ದು ಅದರ ಜೊತೆಗೆ ಕಂಪ್ಯೂಟರ್ ಉಳಿಸಿಡುವ ಆ ಕ್ಷಣದ ಚಿತ್ರ: ಎಂಜಿನ್ನಿನ ವೇಗ, ಭಾರ, ಬಿಸಿ, ಕಾರಿನ ವೇಗ. ಬ್ಯಾಟರಿಯ ವೈರು ಕಳಚಿದರೆ ಅಥವಾ ಓದದೆಯೇ ದೋಷಸಂಖ್ಯೆಯನ್ನು ಅಳಿಸಿದರೆ ಈ ಸಾಕ್ಷಿ ನಾಶವಾಗುತ್ತದೆ.

ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ನೋಡಲು ಕರ್ನಾಟಕದ ಭೂಗೋಳವೇ ಒಂದು ಪರೀಕ್ಷೆಯನ್ನು ಒದಗಿಸುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ಗಾಳಿಯೊತ್ತಡದ ಸೆನ್ಸರ್ ತೋರಿಸಬೇಕಾದದ್ದು ಊರಿನ ವಾತಾವರಣದ ಒತ್ತಡವನ್ನು. ಸಮುದ್ರದ ದಂಡೆಯ ಮಂಗಳೂರಿನಲ್ಲಿ ಅದು ಸುಮಾರು 101 ಕಿಲೊಪಾಸ್ಕಲ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಬೆಂಗಳೂರಿನಲ್ಲಿ ನಿಂತ ಕಾರು 101 ಎಂದು ತೋರಿಸಿದರೆ ಆ ಸೆನ್ಸರಿನ ಮಾತನ್ನು ನಂಬಿ ಟರ್ಬೊವನ್ನು ದೂಷಿಸಲಾಗದು. ಕ್ರ್ಯಾಂಕಿನ ಸುತ್ತನ್ನು ಎಣಿಸುವ ಸೆನ್ಸರ್ ಬಿಸಿಯಾದಾಗ ಮಾತ್ರ ಸುಮ್ಮನಾಗಿ, ಎಂಜಿನ್ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಮರಳುತ್ತದೆ. ಇನ್ನು ಬ್ರೇಕ್ ಪೆಡಲಿನ ಸಣ್ಣ ಸ್ವಿಚ್ಚು ಕೆಟ್ಟು, ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೆ ಒತ್ತಿದಂತೆ ಸುಳ್ಳು ಸುದ್ದಿ ಹೋದರೆ ಅನೇಕ ಕಾರುಗಳ ಕಂಪ್ಯೂಟರ್ ಎಚ್ಚರಿಕೆಯಿಂದ ಶಕ್ತಿಯನ್ನು ತಗ್ಗಿಸುತ್ತದೆ. ದೊಡ್ಡ ದೊಡ್ಡ ಭಾಗಗಳನ್ನು ಬಿಚ್ಚಿದವರು ಈ ಸ್ವಿಚ್ಚಿನತ್ತ ಕಣ್ಣು ಹಾಯಿಸುವುದು ಕೊನೆಗೆ. ಇಲಿ ಹೆಗ್ಗಣಗಳು ಕಡಿದ ವೈರು, ಹಸಿರು ಕಿಲುಬು ಹಿಡಿದ ಕನೆಕ್ಟರು, ಸಡಿಲವಾದ ಅರ್ತಿಂಗ್ ಪಟ್ಟಿ, ಇವನ್ನು ಸ್ಕ್ಯಾನರಿನ ಅಂಕಿಗಳನ್ನು ನೋಡುತ್ತ ಕೈಯಿಂದ ಅಲುಗಾಡಿಸಿಯೇ ಪತ್ತೆಹಚ್ಚಬೇಕು.

ನಿರ್ಣಾಯಕವಾದ ಪರೀಕ್ಷೆ ನಡೆಯುವುದು ಗ್ಯಾರೇಜಿನಲ್ಲಲ್ಲ, ದೋಷ ಬರುವ ರಸ್ತೆಯಲ್ಲಿಯೇ. ಒಬ್ಬರು ಕಾರು ಓಡಿಸುತ್ತಿರುವಾಗ ಪಕ್ಕದಲ್ಲಿ ಕೂತ ಇನ್ನೊಬ್ಬರು ಕಂಪ್ಯೂಟರ್ ಕೇಳಿದ ರೈಲಿನ ಒತ್ತಡ ಮತ್ತು ನಿಜವಾಗಿ ಇದ್ದ ಒತ್ತಡ, ಕೇಳಿದ ಟರ್ಬೊ ಒತ್ತಡ ಮತ್ತು ಬಂದ ಒತ್ತಡ, ಈ ನಾಲ್ಕನ್ನು ಸ್ಕ್ಯಾನರಿನಲ್ಲಿ ದಾಖಲಿಸಬೇಕು. ಏರಿನಲ್ಲಿ ಎಳೆತ ಹೋದ ಕ್ಷಣದಲ್ಲಿ ರೈಲಿನ ಎರಡು ಗೆರೆಗಳು ಮೊದಲು ಬೇರ್ಪಟ್ಟರೆ ಹುಡುಕಾಟ ಟ್ಯಾಂಕು, ಫಿಲ್ಟರು, ಪಂಪಿನ ಕಡೆಗೆ. ಟರ್ಬೊದ ಗೆರೆಗಳು ಮೊದಲು ಬೇರ್ಪಟ್ಟರೆ ಹೋಸು, ವ್ಯಾಕ್ಯೂಮ್ ಪೈಪು, ರೆಕ್ಕೆಗಳ ಕಡೆಗೆ. ಕೇಳಿದ ಗೆರೆಯೇ ಇದ್ದಕ್ಕಿದ್ದಂತೆ ಕುಸಿದರೆ ಕಂಪ್ಯೂಟರಿಗೆ ಯಾವ ಸೆನ್ಸರು ಏನು ಹೇಳಿತೆಂಬ ಕಡೆಗೆ. ದುರಸ್ತಿಯಾದ ಮೇಲೂ ಅದೇ ಏರು, ಅಷ್ಟೇ ಜನ, ಅದೇ ಗೇರಿನಲ್ಲಿ ಇನ್ನೊಮ್ಮೆ ಓಡಿಸಿ, ಹಿಂದೆ ಬೇರ್ಪಟ್ಟಿದ್ದ ಗೆರೆಗಳು ಈಗ ತಿರುವಿನಿಂದ ತಿರುವಿಗೆ ಜೊತೆಯಾಗಿ ಏರುತ್ತಿವೆಯೇ ಎಂದು ನೋಡಿದ ನಂತರವೇ ಬಿಲ್ಲಿಗೆ ಹಣ ಕೊಡುವುದು ಸರಿ.